ಹನ್ನೊಂದು ನಿಮಿಷದ ಭೇಟಿ

ಇದು ನಮ್ಮ ಪಕ್ಕದ ಮನೆಯ ತೋವೆಗೆ ಆದದ್ದು. ಯಾರೋ ಹೇಳಿದ್ದಲ್ಲ, ಎಲ್ಲೋ ಓದಿದ್ದೂ ಅಲ್ಲ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಸೊಂಟದೆತ್ತರದ ಒಂದು ಬೇಲಿ ಅಷ್ಟೆ. ಆ ಬಾಗಿಲು ಹಾಕಿಬಿಡಿ, ಗಾಳಿ ಬರುತ್ತಿದೆ... ಹಾಂ. ಹೇಳುತ್ತೇನೆ.

ನವೆಂಬರ್ ತಿಂಗಳು. ಡೆನ್ಮಾರ್ಕಿನ ಈ ಪಶ್ಚಿಮದ ಮೂಲೆಯಲ್ಲಿ ನವೆಂಬರ್ ಅಂದರೆ ಸಂಜೆ ನಾಲ್ಕೂವರೆಗೇ ಕತ್ತಲೆ. ಐದು ಮೂವತ್ತೆಂಟರ ಬಸ್ಸು ಬರುವ ಹೊತ್ತಿಗೆ ನಡುರಾತ್ರಿಗೂ ಅದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ತೋವೆ ದಿನವೂ ಇಳಿಯುವುದು ಆ ಬಸ್ಸಿನಿಂದ. ಪಟ್ಟಣದ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕೋಣೆಯ ಕೆಲಸ ಅವಳದು. ಅರವತ್ತನಾಲ್ಕು ವರ್ಷ. ಬೆಳಗ್ಗೆಯಿಂದ ಬೇರೆಯವರ ಹಾಸಿಗೆಯ ಬಟ್ಟೆ ಮಡಚಿ ಮಡಚಿ, ಇಳಿಯುವಾಗ ಬಸ್ಸಿನ ಕಂಬಿ ಹಿಡಿಯುವುದಕ್ಕೂ ಬೆರಳು ಬಾಗುತ್ತಿರಲಿಲ್ಲ.

ಬಸ್ಸು ಬುಸ್ಸೆಂದು ಬಾಗಿಲು ಹಾಕಿಕೊಂಡು ಹೊರಟುಹೋಗುತ್ತದೆ. ಆಮೇಲೆ ಮನೆಗೆ ಹನ್ನೊಂದು ನಿಮಿಷದ ದಾರಿ. ಮೊದಲು ಜಲ್ಲಿಕಲ್ಲು... ಜರಕ್, ಜರಕ್. ಆಮೇಲೆ ಊರ ನಡುವಿನ ಕೊಳ. ಕೊಳದ ದಂಡೆಯಲ್ಲಿ ಮುನ್ನೂರು ವರ್ಷದ ಲಿಂಡೆನ್ ಮರ. ಎಲೆ ಒಂದೂ ಇಲ್ಲ, ಆದರೂ ಆ ಮರ ಸುಮ್ಮನಿರುವುದಿಲ್ಲ. ಒಂದು ಕೊಂಬೆಗೆ ಇನ್ನೊಂದು ಕೊಂಬೆ ಉಜ್ಜಿ, ಒಣಗಿದ ಗಂಟಲಲ್ಲಿ ಯಾರೋ ಉಸಿರೆಳೆದ ಹಾಗೆ ಕೇಳಿಸುತ್ತದೆ. ಆ ಮರದ ಕೆಳಗೆ ನಿಂತರೆ ತೋವೆಯ ಅಡುಗೆಮನೆಯ ಕಿಟಕಿ ನೇರವಾಗಿ ಕಾಣುತ್ತದೆ.

ಹೋದ ಚಳಿಗಾಲದವರೆಗೂ ಆ ಕಿಟಕಿಯಲ್ಲಿ ಹಳದಿ ಬೆಳಕು ಇರುತ್ತಿತ್ತು. ಒಳಗೆ ಅವಳ ಗಂಡ ಆಸ್ಗರ್ ಕೂತಿರುತ್ತಿದ್ದ. ಬಸ್ಸು ಬರುವ ಹೊತ್ತಾಯಿತು ಅನ್ನುವಾಗ ಒಲೆಯ ಮೇಲೆ ಆಲೂಗಡ್ಡೆ ಇಟ್ಟು, ಕಂಪ್ಯೂಟರ್ ತೆರೆದು ಕೂರುವನು. ಬಾಗಿಲಲ್ಲಿ ಕೀಲಿ ತಿರುಗಿದ ಸದ್ದಾದರೆ ಪಟ್ಟನೆ ಮುಚ್ಚುವನು. ಆಲೂಗಡ್ಡೆ ಸೀದು ಹೋಗಿರುತ್ತಿತ್ತಲ್ಲ, ಅದಕ್ಕೆ.

ಮಾರ್ಚ್‌ನಲ್ಲಿ ಆಸ್ಗರ್ ತೀರಿಕೊಂಡ. ಈಗ ಕಿಟಕಿಯಲ್ಲಿ ಕತ್ತಲೆ.

ಅವನು ಆ ಕಂಪ್ಯೂಟರಿನಲ್ಲಿ ಮಾಡುತ್ತಿದ್ದದ್ದು ನಮ್ಮೂರಿನ ವೆಬ್‌ಸೈಟ್. ಊರಲ್ಲಿ ಮೂವತ್ತೊಂದು ಮನೆ. ಮನೆಗೊಂದು ಪುಟ. ಯಾರು ಕಟ್ಟಿಸಿದರು, ಯಾರು ಹುಟ್ಟಿದರು, ಯಾವ ವರ್ಷ ಬೆಂಕಿ ಬಿತ್ತು, ಯಾರು ಕೊನೆಗೆ ಕೀಲಿ ಹಾಕಿ ಹೊರಟರು, ಎಲ್ಲ. ಒಂಬತ್ತು ವರ್ಷದ ಕೆಲಸ. ತಾರೀಖು ಖಚಿತವಿಲ್ಲದಿದ್ದರೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕುವನು. ಹಾಕದೆ ಬಿಡುವವನಲ್ಲ. ಒಂಬತ್ತನೇ ನಂಬರಿನ ಪುಟ ಅವರದೇ ಮನೆಯದು. ಅದರ ಕೊನೆಯ ಸಾಲು: 'ಸಾವಿರದ ಒಂಬೈನೂರ ಎಂಬತ್ತೇಳರಿಂದ, ಆಸ್ಗರ್ ಮತ್ತು ತೋವೆ.' ಅದರ ಮುಂದೆ ಬರೆಯಬೇಕಾದ್ದನ್ನು ತೋವೆ ಬರೆದಿರಲಿಲ್ಲ. ಬರೆಯುತ್ತೇನೆ ಅಂತ ಎಂಟು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದಳು.

ವೆಬ್‌ಸೈಟ್ ಊರ ಸಂಘದ್ದು. ಸಂಘದ ಅಧ್ಯಕ್ಷ ಹೋಲ್ಗರ್, ಹಂದಿ ಸಾಕುವವನು, ಮಾತು ನೇರ. ಅಕ್ಟೋಬರ್ ಸಭೆಯಲ್ಲೇ ಹೇಳಿಬಿಟ್ಟಿದ್ದ.

"ಯಾರೂ ನೋಡದ್ದನ್ನ ಯಾಕೆ ಇಟ್ಕೋಬೇಕು ತೋವೆ? ತಿಂಗಳಿಗೆ ಮೂವತ್ತು ಸಲನಾದ್ರೂ ಜನ ಬಂದು ನೋಡಿದ್ರೆ ಇರಲಿ. ಇಲ್ದಿದ್ರೆ ಮುಚ್ಚೋಣ. ಲೆಕ್ಕ ತಗೊಂಡು ಬಾ, ಎಷ್ಟು ಜನ ಬರ್ತಾರೆ, ಯಾವ ದಾರೀಲಿ ಬರ್ತಾರೆ, ಎಲ್ಲ."

ಸಭೆ ಮುಂದಿನ ಗುರುವಾರ. ಮುಚ್ಚಿದರೆ ಆಸ್ಗರನ ಒಂಬತ್ತು ವರ್ಷ ಹೋಯಿತು. ಅವಳ ಹತ್ತಿರ ಅವನದು ಅಂತ ಉಳಿದದ್ದು ಅದೊಂದೇ. ಕೋಟು, ಬೂಟು ಎಲ್ಲ ಕೊಟ್ಟಾಗಿತ್ತು.

ಭಾನುವಾರ ಮಧ್ಯಾಹ್ನ ಬಿರ್ಥೆ ಬಂದಳು. ಪಟ್ಟಣದ ಗ್ರಂಥಾಲಯದವಳು, ತೋವೆಯ ಜೊತೆ ಒಂದೇ ಶಾಲೆಯಲ್ಲಿ ಓದಿದವಳು. ವೆಬ್‌ಸೈಟಿಗೆ ಎಣಿಕೆಯ ಯಂತ್ರ ಜೋಡಿಸಿಕೊಟ್ಟವಳೂ ಅವಳೇ. ಎಣಿಕೆಯ ಯಂತ್ರ ಅಂದರೆ ಏನಿಲ್ಲ, ಪ್ರತಿ ಪುಟದ ಒಳಗೆ ಅಡಗಿ ಕೂತ ಒಂದು ಕಾವಲುಗಾರ. ಯಾರು ಬಂದರು ಅಂತ ಹೆಸರು ಹೇಳುವುದಿಲ್ಲ. ಯಾವ ಹೊತ್ತಿಗೆ ಬಂದರು, ಯಾವ ದಾರಿಯಿಂದ, ಯಾವ ಪುಟದಲ್ಲಿ ಎಷ್ಟು ಹೊತ್ತು ಕೂತರು... ಅಷ್ಟು ಬರೆದಿಡುತ್ತದೆ.

"ಅಕ್ಟೋಬರ್‌ದು ನೋಡು," ಬಿರ್ಥೆ ಕನ್ನಡಕ ಏರಿಸಿದಳು. "ಒಟ್ಟು ನಲವತ್ತೊಂದು. ಪರವಾಗಿಲ್ವಲ್ಲೇ."

"ಯಾರವರು?"

"ಹನ್ನೊಂದು ಜನ ಏನೋ ಹುಡುಕ್ತಾ ಬಂದಿದಾರೆ. ಇಲ್ಲಿ ನೋಡು, ಹುಡುಕಿದ ಮಾತು. 'ನೆಲಮಾಳಿಗೆಗೆ ನೀರು ಬಂದರೆ ಏನು ಮಾಡಬೇಕು.' ಪಾಪ, ಅವನಿಗೆ ನಾಲ್ಕನೇ ನಂಬರ್ ಮನೆಯ ಪ್ರವಾಹದ ಕತೆ ಸಿಕ್ಕಿದೆ. ಸಾವಿರದ ಎಂಟುನೂರ ಅರವತ್ತೆರಡರದ್ದು. ಎಂಟು ಸೆಕೆಂಡಲ್ಲಿ ಓಡಿಹೋಗಿದಾನೆ."

ತೋವೆಗೆ ತುಟಿಯ ತುದಿಯಲ್ಲಿ ನಗು ಬಂತು.

"ಆರು ಜನ ಚರ್ಚಿನ ವೆಬ್‌ಸೈಟಲ್ಲಿ ನಮ್ಮ ಕೊಂಡಿ ಒತ್ತಿ ಬಂದೋರು. ಇಬ್ರು ಅಮೆರಿಕದಿಂದ, ಅಜ್ಜಿ ಮನೆ ಹುಡುಕ್ತಾ. ಉಳಿದಿದ್ದು ಇಪ್ಪತ್ತೆರಡು. ಇದು ಒಬ್ರೇ. ಒಂದೇ ಕಂಪ್ಯೂಟರು. 'ನೇರ' ಅಂತ ಬರೆದಿದೆ."

"ನೇರ ಅಂದ್ರೆ?"

"ಯಾರೂ ಕಳಿಸಿಲ್ಲ. ಹುಡುಕಿಲ್ಲ, ಕೊಂಡಿ ಒತ್ತಿಲ್ಲ. ವಿಳಾಸ ಬಾಯಿಪಾಠ ಇದೆ, ಬೆರಳಲ್ಲಿ ಬರೆದು ಒಳಗೆ ಬರೋರು. ಮನೆಯವರು ಹಿತ್ತಲ ಬಾಗಿಲಿಂದ ಬರಲ್ವಾ, ಹಾಗೆ." ಬಿರ್ಥೆ ಪರದೆಯ ಮೇಲೆ ಬೆರಳಿಟ್ಟು ಕೆಳಗಿಳಿಸಿದಳು. "ಒಂಬತ್ತನೇ ಮನೆ ಪುಟ. ಬರೀ ಅದೇ ಪುಟ. ಸೋಮವಾರದಿಂದ ಶುಕ್ರವಾರ. ಶನಿವಾರ, ಭಾನುವಾರ ಇಲ್ಲ. ದಿನಾ ಹನ್ನೊಂದು ನಿಮಿಷ."

ಆಮೇಲೆ ಅವಳಿಗೇ ನಗು ಬಂತು.

"ಥೂ, ನನ್ನ ತಲೆ. ತೋವೆ, ಇದು ನೀನೇ ಕಣೇ. ನಿನ್ನ ಮನೇನ ಎಣಿಕೆಯಿಂದ ಹೊರಗೆ ಇಡೋದನ್ನ ಮರೆತಿದೀವಿ. ಎಲ್ರೂ ಮಾಡೋ ತಪ್ಪು. ಒಂದು ವೆಬ್‌ಸೈಟನ್ನ ಎಲ್ಲರಿಗಿಂತ ಜಾಸ್ತಿ ನೋಡೋದು ಅದನ್ನ ನೋಡಿಕೊಳ್ಳೋರೇ. ಅವರ ಹೆಜ್ಜೆಯನ್ನ ಅವರೇ ಎಣಿಸಿಕೊಂಡು ಜಾತ್ರೆ ಸೇರಿದೆ ಅಂದ್ಕೋತಾರೆ."

"ನಾನು ನೋಡಲ್ಲ," ಅಂದಳು ತೋವೆ. "ಆ ಪುಟ ನನ್ನ ಕೈಲಿ ನೋಡಕ್ಕಾಗಲ್ಲ."

"ಸುಮ್ನೆ ತೆರೆದಿಟ್ಟಿರ್ತೀಯ. ಇರು, ನಿನ್ನ ಮನೆಯ ಇಂಟರ್ನೆಟ್ಟಿನ ನಂಬರು ಹಾಕಿ ಹೊರಗಿಡ್ತೀನಿ. ನಾಳೆಯಿಂದ ನಿಮ್ಮನೆಯಿಂದ ಯಾರು ನೋಡಿದ್ರೂ ಎಣಿಸಲ್ಲ. ಹೊರಗಿನೋರೇ ಆಗಿದ್ರೆ ನಾಳೆಯೂ ಕಾಣಿಸ್ತಾರೆ. ಸರಿನಾ?"

ವಾದ ಮಾಡುವಷ್ಟು ಶಕ್ತಿ ತೋವೆಗೆ ಇರಲಿಲ್ಲ. ಸರಿ ಅಂದಳು.

ಸೋಮವಾರ ಕೆಲಸ ಮುಗಿಸಿ ಬಂದು, ರೈ ಧಾನ್ಯದ ಕಪ್ಪು ರೊಟ್ಟಿಯ ಮೇಲೆ ಒಂದಿಷ್ಟು ಬೆಣ್ಣೆ ಸವರಿ ನಿಂತೇ ತಿಂದು, ಫೋನಿನಲ್ಲಿ ಎಣಿಕೆ ನೋಡಿದಳು. ಒಂಬತ್ತನೇ ಪುಟಕ್ಕೆ ಸೊನ್ನೆ. ಮಂಗಳವಾರವೂ ಸೊನ್ನೆ.

ಬಿರ್ಥೆ ಫೋನ್ ಮಾಡಿದಳು. "ನೋಡಿದ್ಯಾ? ಹೋಯ್ತು. ಹೇಳಿರ್ಲಿಲ್ವಾ, ನೀನೇ ಅಂತ."

ಗೋಡೆ ಗಡಿಯಾರ ಟಿಕ್, ಟಿಕ್ ಅನ್ನುತ್ತಿತ್ತು. ನೀರಿನ ಕೊಳವೆಯೊಳಗೆ ಎಲ್ಲೋ ಒಂದು ಸಣ್ಣ 'ಟಣ್'.

"ಬಿರ್ಥೆ... ಆ ಹನ್ನೊಂದು ನಿಮಿಷ, ಎಷ್ಟು ಗಂಟೆಗೆ ಶುರುವಾಗ್ತಿತ್ತು?"

"ಇರು... ಐದು ಮೂವತ್ತೆಂಟು. ದಿನಾ ಐದು ಮೂವತ್ತೆಂಟು."

"ಆಗ ನಾನು ಬಸ್ಸಿಂದ ಇಳೀತಿರ್ತೀನಿ."

ಆ ಕಡೆ ಬಿರ್ಥೆಯ ಕೀಲಿಮಣೆಯ ಸದ್ದು ನಿಂತಿತು.

"ಮುಗಿಯೋದು?"

"ಐದು ನಲವತ್ತೊಂಬತ್ತು."

"ಆಗ ಬಾಗಿಲು ತೆಗೀತೀನಿ."

ಬಿರ್ಥೆಯ ದನಿ ತಗ್ಗಿತು. "ಮನೇಲಿ ಯಾರಿರ್ತಾರೆ ಆಗ?"

"ಯಾರೂ ಇಲ್ಲ."

"ಬೆಕ್ಕು ಕೀಲಿಮಣೆ ಮೇಲೆ ಕೂತು..."

"ಬೆಕ್ಕು ಆಸ್ಗರ್‌ಗಿಂತ ಮುಂಚೆ ಹೋಯ್ತು."

"ಕಂಪ್ಯೂಟರ್ ತಾನೇ ತೆರೆದುಕೊಳ್ತಿರಬಹುದು. ಅವನ ಹಳೇದು, ಅಡುಗೆಮನೇದು. ಇಲ್ಲಿ ಬರೆದಿದೆ, ತುಂಬಾ ಹಳೇ ಕಂಪ್ಯೂಟರು, ಚೌಕದ ಪರದೆ..."

"ಅದನ್ನ ಜೂನ್‌ನಲ್ಲಿ ಕಸದ ಮೈದಾನಕ್ಕೆ ಕೊಟ್ಟೆ. ಹಳೇ ಯಂತ್ರ ಹಾಕೋ ಕಬ್ಬಿಣದ ಪಂಜರದೊಳಗೆ ನಾನೇ ಇಟ್ಟು ಬಂದೆ. ಮೇಲೆ ಯಾರದೋ ಹಳೇ ಟಿವಿ ಇಟ್ರು." ತೋವೆ ಕುರ್ಚಿ ಎಳೆದು ಕೂತಳು. "ನೀನು ನನ್ನ ಮನೆ ಹೊರಗಿಟ್ಟೆ, ಅವರು ಕಾಣದ ಹಾಗಾದ್ರು. ಅಂದ್ರೆ ಬರ್ತಿದ್ದದ್ದು ಮನೆ ಒಳಗಿಂದಾನೇ."

ಆ ಕಡೆ ಬಿರ್ಥೆ ಪಟ್ಟಿಯನ್ನು ಮೇಲಿಂದ ಕೆಳಗೆ ಮತ್ತೆ ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು: "ಅಕ್ಟೋಬರ್ ಹದಿನಾಲ್ಕಕ್ಕೆ ಏನಾಗಿತ್ತು? ಆ ದಿನ ಒಂದು ಮಾತ್ರ ಹನ್ನೊಂದಲ್ಲ. ಐವತ್ತೊಂದು ನಿಮಿಷ."

ತೋವೆಗೆ ನೆನಪಿತ್ತು. ಸೇತುವೆಯ ಹತ್ತಿರ ಟ್ರ್ಯಾಕ್ಟರ್ ಮಗುಚಿ ಬಿದ್ದಿತ್ತು.

"ಬಸ್ಸು ತಡ. ನಲವತ್ತು ನಿಮಿಷ."

ಇಬ್ಬರೂ ಫೋನ್ ಇಡಲಿಲ್ಲ. ಕೊನೆಗೆ ತೋವೆಯೇ ಅಂದಳು: "ನನ್ನ ಮನೇನ ಮತ್ತೆ ಒಳಗೆ ಸೇರಿಸು."

"ತೋವೆ, ಇವತ್ತು ನಮ್ಮನೆಗೆ ಬಂದು ಮಲಗು."

"ಸುಸ್ತಾಗಿದೆ ಕಣೇ. ಬಟ್ಟೆ ಬದಲಾಯಿಸೋಕೂ ಆಗ್ತಿಲ್ಲ. ಸೇರಿಸು, ಸಾಕು."

ಅವಳಿಗೆ ಹೆದರಿಕೆ ಆಗಲಿಲ್ಲವಾ ಅಂತ ನಾನೂ ಕೇಳಿದ್ದೇನೆ. ಹೆದರುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕಲ್ಲ ಅಂದಳು.

ಬುಧವಾರ. ಗಾಳಿ ಇರಲಿಲ್ಲ. ಮಂಜು ನೆಲಕ್ಕೆ ಅಂಟಿಕೊಂಡಿತ್ತು. ಬಸ್ಸು ಬುಸ್ಸೆಂದು ಹೋಯಿತು. ತೋವೆ ಕೈಚೀಲದಿಂದ ಫೋನ್ ತೆಗೆದಳು. ಆ ಎಣಿಕೆಯಲ್ಲಿ 'ಈ ಕ್ಷಣ' ಅಂತ ಒಂದು ಜಾಗ ಇದೆ. ಈ ಕ್ಷಣ ವೆಬ್‌ಸೈಟಿನಲ್ಲಿ ಎಷ್ಟು ಜನ ಇದ್ದಾರೆ ಅಂತ ತೋರಿಸುವುದು.

ಒಂದು.

ನಡೆದಳು. ಜರಕ್, ಜರಕ್. ಕೊಳದ ಹತ್ತಿರ ಬಂದಳು. ನೀರಲ್ಲಿ ಏನೋ 'ಗುಳುಕ್' ಅಂತು, ಕಪ್ಪೆಯೋ ಇಲಿಯೋ. ಲಿಂಡೆನ್ ಮರದ ಕೆಳಗೆ ಬಂದು ನಿಂತಳು. ಅಲ್ಲಿಂದ ಮನೆಗೆ ನಾಲ್ಕು ನಿಮಿಷ. ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ಕಪ್ಪು. ಪರದೆಯ ಬೆಳಕೂ ಇಲ್ಲ, ದೀಪವೂ ಇಲ್ಲ.

ಫೋನಿನಲ್ಲಿ ಒಂದು.

ಬೇಕೆಂದೇ ಅಲ್ಲೇ ನಿಂತಳು. ಐದು ನಿಮಿಷ. ಹತ್ತು. ತಲೆಯ ಮೇಲೆ ಕೊಂಬೆಗೆ ಕೊಂಬೆ ಉಜ್ಜಿತು... ಗಾಳಿ ಇಲ್ಲ ಅಂದೆನಲ್ಲ, ಆದರೂ ಉಜ್ಜಿತು. ಪಾದ ಮರಗಟ್ಟಿತು. ಹದಿನೈದು ನಿಮಿಷ. ಫೋನಿನಲ್ಲಿ ಆ 'ಒಂದು' ಅಲ್ಲೇ ಇತ್ತು. ಹೋಗಲಿಲ್ಲ. ಕೂತೇ ಇತ್ತು.

ಅವಳು ಮರಕ್ಕೆ ಹೇಳುವ ಹಾಗೆ ಪಿಸುಗುಟ್ಟಿದಳು. "ಬಂದೆ... ಬಂದೆ ಇರು."

ಉಳಿದ ನಾಲ್ಕು ನಿಮಿಷ ಫೋನ್ ನೋಡುತ್ತಲೇ ನಡೆದಳು. ಗೇಟು ಕಿರ್ ಅಂತು. ಮೆಟ್ಟಿಲು ಮೂರು. ಬಲಗೈಯಲ್ಲಿ ಕೀಲಿ, ಎಡಗೈಯಲ್ಲಿ ಫೋನು. ಕೀಲಿ ತಿರುಗಿಸಿದಳು. ಕಟಕ್.

ಸೊನ್ನೆ.

ಒಳಗೆ ಹೋಗಿ ದೀಪ ಹಾಕಿದಳು. ಮೇಜು, ಎರಡು ಕುರ್ಚಿ, ಬೆಳಗ್ಗೆ ಬಿಟ್ಟು ಹೋದ ಕಾಫಿ ಬಟ್ಟಲು. ಎಲ್ಲ ಇದ್ದ ಹಾಗೇ ಇತ್ತು. ಯಾರೂ ಇರಲಿಲ್ಲ. ಅವಳ ಸ್ವಂತ ಲ್ಯಾಪ್‌ಟಾಪು ಮಲಗುವ ಕೋಣೆಯಲ್ಲಿ, ಚೀಲದೊಳಗೆ, ಆರಿಸಿದ್ದು ಆರಿಸಿದ ಹಾಗೇ ಇತ್ತು. ಕೋಟು ಬಿಚ್ಚದೆ ಆಸ್ಗರ್ ಕೂರುತ್ತಿದ್ದ ಕುರ್ಚಿಯ ಎದುರು ಕೂತಳಂತೆ. ಎಷ್ಟು ಹೊತ್ತು ಅಂತ ಅವಳಿಗೂ ಗೊತ್ತಿಲ್ಲ.

ಮರುದಿನ ಗುರುವಾರ, ಸಂಘದ ಸಭೆ. ಊರ ಸಭಾಭವನದಲ್ಲಿ ಒಂಬತ್ತು ಜನ. ಕಾಫಿ, ತಟ್ಟೆ ತುಂಬ ಮಸಾಲೆ ಬಿಸ್ಕತ್ತು. ನಾನೂ ಇದ್ದೆ. ಶುರುವಾಗುವ ಮುಂಚೆ ಕೋಟು ನೇತುಹಾಕುವ ಜಾಗದಲ್ಲಿ ಬಿರ್ಥೆ ತೋವೆಯ ತೋಳು ಹಿಡಿದು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು.

"ನಲವತ್ತೊಂದು ಅಂತ ಹೇಳಿ ಕೂತ್ಕೋ. ಸುಳ್ಳೇನಲ್ಲ. ಅವನನ್ನ ಎಣಿಸಬಾರದು ಅಂತ ಯಾವ ನಿಯಮದಲ್ಲೂ ಬರೆದಿಲ್ಲ."

ತೋವೆ ಕೋಟು ನೇತುಹಾಕಿ ಒಳಗೆ ನಡೆದಳು.

"ಸರಿ, ತೋವೆ," ಅಂದ ಹೋಲ್ಗರ್. "ಎಷ್ಟು?"

"ನಲವತ್ತೊಂದು."

"ಅರೆ. ಪರವಾಗಿಲ್ಲ ಮತ್ತೆ." ಅವನಿಗೆ ನಿಜವಾಗಿಯೂ ಸಮಾಧಾನ ಆದ ಹಾಗಿತ್ತು. ಕೆಟ್ಟವನಲ್ಲ ಅವನು. "ಹಾಗಾದ್ರೆ ಇರಲಿ ಬಿಡಿ. ಮುಂದಿನ ವಿಷಯ..."

ತೋವೆ ಕೈಯಲ್ಲಿದ್ದ ಕಾಗದವನ್ನು ನೋಡುತ್ತಿದ್ದಳು. ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಂಡಿದ್ದಳು. ಅದು ನನಗೆ ಪಕ್ಕದಿಂದ ಕಾಣುತ್ತಿತ್ತು.

"ಅದರಲ್ಲಿ ಇಪ್ಪತ್ತೆರಡು ನಮ್ಮ ಮನೆಯಿಂದ," ಅಂದಳು.

ಬಿರ್ಥೆ ಕಣ್ಣು ಮುಚ್ಚಿದಳು.

"ನಿಮ್ಮ ಮನೆಯಿಂದ... ಅಂದ್ರೆ ನೀನು?"

ಕಾಫಿಯ ಕೆಟಲು ಸುಯ್ಯೆನ್ನುತ್ತಿತ್ತು. "ನಮ್ಮ ಮನೆಯಿಂದ," ಅಂತ ಮತ್ತೆ ಅಷ್ಟೇ ಹೇಳಿದಳು. "ಹೊರಗಿನವರು ಹತ್ತೊಂಬತ್ತು."

"ಮನೆಯವರನ್ನ ಎಣಿಸೋಕಾಗಲ್ಲ ತೋವೆ," ಅಂದ ಹೋಲ್ಗರ್, ಮೆತ್ತಗೆ. "ನೀನು ಬಾಯಿ ಬಿಡದೆ ಇದ್ದಿದ್ರೆ ನಾನು ಕೇಳ್ತಾನೂ ಇರ್ಲಿಲ್ಲ."

"ಗೊತ್ತು. ಆಸ್ಗರ್ ಆಗಿದ್ರೂ ಹೇಳ್ತಿದ್ದ."

ಕೈ ಎತ್ತಿಸಿದರು. ಮುಚ್ಚಬೇಕು ಅಂತ ಐದು, ಬೇಡ ಅಂತ ನಾಲ್ಕು. ನವೆಂಬರ್ ಮೂವತ್ತಕ್ಕೆ ಕೊನೆ.

ಅಂದು ರಾತ್ರಿ ಜೊತೆಯಲ್ಲೇ ಮನೆ ಕಡೆ ನಡೆದೆವು. ಕೊಳದ ಹತ್ತಿರ ಬಂದಾಗ ನಿಂತು ನನಗೆ ಇದನ್ನೆಲ್ಲ ಹೇಳಿದಳು. ಚಳಿ ಇದೆ, ನಡಿ ಅಂದೆ.

ಕೊನೆಯ ದಿನ ಅವಳು ಕೆಲಸಕ್ಕೆ ರಜೆ ಹಾಕಿದಳು. ಆ ಹೊತ್ತಿಗೆ ಮನೆಯಲ್ಲೇ, ಆ ಕುರ್ಚಿಯ ಎದುರೇ ಇರಬೇಕು ಅಂತ. ಆಲೂಗಡ್ಡೆ ಬೇಯಿಸಿದಳು. ಎರಡು ತಟ್ಟೆ ಇಟ್ಟಳು. ಐದು ಮೂವತ್ತೆಂಟಾಯಿತು. ದೂರದಲ್ಲಿ ಬಸ್ಸು ಬುಸ್ಸೆಂದದ್ದು ಕೇಳಿಸಿತು. ಫೋನಿನಲ್ಲಿ ಸೊನ್ನೆ. ಐದು ನಲವತ್ತು, ಐದು ನಲವತ್ತೈದು... ಸೊನ್ನೆ. ಆರೂವರೆಗೂ ಸೊನ್ನೆ.

ಅವಳು ಮನೆಯಲ್ಲೇ ಇದ್ದಳಲ್ಲ. ಅವನು ಯಾರಿಗೆ ಅಂತ ಕಾಯಬೇಕು? ಅದು ಅವಳಿಗೆ ಹೊಳೆದದ್ದು ಏಳು ಗಂಟೆಗೆ, ತಟ್ಟೆ ತೊಳೆಯುವಾಗ. ನಡುರಾತ್ರಿ ವೆಬ್‌ಸೈಟ್ ಮುಚ್ಚಿತು. ಬೆಳಗ್ಗೆ ವಿಳಾಸ ಬರೆದರೆ ಬಿಳಿ ಪರದೆ, 'ಇಲ್ಲಿ ಏನೂ ಇಲ್ಲ' ಅಂತ ಒಂದು ಸಾಲು. ಒಂಬತ್ತನೇ ಪುಟದ ಆ ಕೊನೆಯ ಸಾಲನ್ನು ಅವಳು ಮುಗಿಸಲೇ ಇಲ್ಲ. ಮುಗಿಸುವುದಕ್ಕೆ ಪುಟವೂ ಉಳಿಯಲಿಲ್ಲ.

ಇಲ್ಲಿಗೆ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡೆವು.

ಜನವರಿಯಲ್ಲಿ ಬಿರ್ಥೆ ಫೋನ್ ಮಾಡಿದಳು. ಎಣಿಕೆಯ ಯಂತ್ರದ ಖಾತೆಯನ್ನು ಮುಚ್ಚುವುದು ಮರೆತಿದ್ದಳಂತೆ. ಮುಚ್ಚೋಣ ಅಂತ ತೆರೆದವಳು ಮುಚ್ಚಲಿಲ್ಲ.

"ತೋವೆ... ಈಗಲೂ ಅದೇ ಬಸ್ಸಲ್ಲೇ ಬರ್ತೀಯಾ?"

"ಹೂಂ."

"ಎಣಿಸೋ ಯಂತ್ರ ಇರೋದು ಪುಟದ ಒಳಗೆ. ಪುಟಾನೇ ಇಲ್ಲ. ಪುಟ ಇಲ್ದೆ ಎಣಿಕೆ ಬರೋಕೆ ಸಾಧ್ಯಾನೇ ಇಲ್ಲ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಆದ್ರೂ ದಿನಾ ಒಂದು ಬರ್ತಾನೇ ಇದೆ."

"ಮುಚ್ಚಬೇಡ," ಅಂದಳು ತೋವೆ. "ಇರಲಿ."

ನೀವು ನಂಬಬೇಕು ಅಂತಿಲ್ಲ. ಆ ವಿಳಾಸ ಈಗಲೂ ಯಾರ ಹೆಸರಿನಲ್ಲೂ ಇಲ್ಲ, ಬರೆದು ನೋಡಿದರೆ ಏನೂ ತೆರೆಯುವುದಿಲ್ಲ. ಆ ಹೊತ್ತಿಗೆ ನಾನು ನಮ್ಮ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ಅವಳ ಅಡುಗೆಮನೆ ಕಪ್ಪಗೇ ಇರುತ್ತದೆ.

ಇದು ಮೂರನೇ ಚಳಿಗಾಲ. ತೋವೆಗೆ ಮೊಣಕಾಲು ಕೈಕೊಟ್ಟಿದೆ. ಬಸ್ಸಿಳಿದು ಊರುಗೋಲು ಹಿಡಿದು, ಕೊಳದ ಹತ್ತಿರ ಒಂದು ಕ್ಷಣ ನಿಂತು, ನಿಧಾನಕ್ಕೆ ಬರುತ್ತಾಳೆ. ಮೊನ್ನೆ ಶನಿವಾರ ಕಾಫಿಗೆ ಹೋಗಿದ್ದೆ. ಫೋನನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದಳು. ನಾನೇ ಓದಿದೆ, ಈ ಕಣ್ಣಲ್ಲೇ.

ಶುಕ್ರವಾರ. ಭೇಟಿ: ಒಂದು. ಬಂದ ದಾರಿ: ನೇರ. ಕೂತ ಹೊತ್ತು: ಹದಿನಾಲ್ಕು ನಿಮಿಷ.